ಪಂಚಾಯಿತಿ ಕಾಮಗಾರಿಯ ಲೆಕ್ಕ ಕೇಳುವ ಬಗೆ: ಅಳತೆ ಪುಸ್ತಕದಿಂದ ಶುರುಮಾಡಿ

ಊರಿನ ಸಿಮೆಂಟ್ ಕಾಂಕ್ರೀಟ್ (ಸಿ.ಸಿ.) ರಸ್ತೆ ಒಂದೇ ಮಳೆಗಾಲಕ್ಕೆ ಕಿತ್ತು ಬಂದರೆ ಹೆಚ್ಚಿನವರು ಕೇಳುವುದು ‘ಎಷ್ಟು ದುಡ್ಡು ಬಂತು’ ಎಂದು. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಎಂಜಿನಿಯರ್ ಎಷ್ಟು ಅಳತೆ ಬರೆದರು ಎಂಬುದು. ಗುತ್ತಿಗೆದಾರರ ಬಿಲ್ ಪಾಸಾಗುವುದು ಅಳತೆ ಪುಸ್ತಕದ, ಅಂದರೆ ಎಂ.ಬಿ.ಯ ಆಧಾರದ ಮೇಲೆ. ಆ ಕೆಲವು ಪುಟಗಳ ದೃಢೀಕೃತ ಪ್ರತಿ ಕೈಗೆ ಬಂದರೆ ಟೇಪು ಹಿಡಿದು ಯಾರು ಬೇಕಾದರೂ ಪರೀಕ್ಷಿಸಬಹುದು.

ಮೊದಲು ಕಾಮಗಾರಿಯ ಸರಿಯಾದ ಹೆಸರು, ವರ್ಷ, ಅನುದಾನದ ಮೂಲ ತಿಳಿದುಕೊಳ್ಳಿ. 15ನೇ ಹಣಕಾಸು ಆಯೋಗದ ಹಣವಾದರೆ ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ಪಂಚಾಯಿತಿವಾರು ವಿವರ ಸಿಗುತ್ತದೆ. ಉಳಿದವಕ್ಕೆ ಪಂಚಾಯಿತಿಯ ಕ್ರಿಯಾ ಯೋಜನೆ ನೋಡಿ. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯುವ ಜಮಾಬಂದಿಯಲ್ಲಿ ಹಿಂದಿನ ಆರ್ಥಿಕ ವರ್ಷದ ಕಾಮಗಾರಿ, ಖರ್ಚಿನ ದಾಖಲೆಗಳನ್ನು ಜನರ ಮುಂದೆ ಇಡಬೇಕು. ಅಲ್ಲಿಗೆ ಹೋದರೆ ಅರ್ಧ ಕೆಲಸ ಅರ್ಜಿಯಿಲ್ಲದೆಯೇ ಮುಗಿಯುತ್ತದೆ. ಜಮಾಬಂದಿಗೆ ಜನ ಹೋಗದಿರುವುದೇ ದೊಡ್ಡ ನಷ್ಟ.

ಇನ್ನು ಅರ್ಜಿ. ಮಾಹಿತಿ ಹಕ್ಕು ಕಾಯ್ದೆ, 2005ರ ಕಲಂ 6(1)ರಡಿ ನಮೂನೆ ‘ಎ’ಯಲ್ಲಿ ಬರೆಯಿರಿ. ಗ್ರಾಮ ಪಂಚಾಯಿತಿಯಲ್ಲಿ ಸಾರ್ವಜನಿಕ ಮಾಹಿತಿ ಅಧಿಕಾರಿ ಎಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ). ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಲಗತ್ತಿಸಿ, ಅದರ ಸಂಖ್ಯೆಯನ್ನು ಅರ್ಜಿಯಲ್ಲೂ ನಮೂದಿಸಿ. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ, ಅದರ ದಾಖಲೆಯ ಪ್ರತಿ ಲಗತ್ತಿಸಿ. ಮಾಹಿತಿ ಏಕೆ ಬೇಕು ಎಂದು ಹೇಳಬೇಕಾಗಿಲ್ಲ. ಕಲಂ 6(2) ಇದನ್ನು ಸ್ಪಷ್ಟವಾಗಿ ಹೇಳಿದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ. ಈ ಮಿತಿ ಮೀರಿದ್ದಕ್ಕೇ ಎಷ್ಟೋ ಅರ್ಜಿಗಳು ವಾಪಸಾಗುತ್ತವೆ. ‘ಕಳೆದ ಐದು ವರ್ಷಗಳ ಎಲ್ಲ ಕಾಮಗಾರಿಗಳ ಸಂಪೂರ್ಣ ಮಾಹಿತಿ’ ಎಂದು ಕೇಳಿದರೆ ನೀವೇ ಅವರ ಕೈಗೆ ನೆಪ ಕೊಟ್ಟಂತೆ. ಒಂದೇ ಕಾಮಗಾರಿ ಹಿಡಿಯಿರಿ, ಹೀಗೆ ಬರೆಯಿರಿ:

‘… ವರ್ಷದ … ಯೋಜನೆಯಡಿ … ಗ್ರಾಮದಲ್ಲಿ … ಅವರ ಮನೆಯಿಂದ … ವರೆಗಿನ ಸಿ.ಸಿ. ರಸ್ತೆ ಕಾಮಗಾರಿಗೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ಪ್ರತಿ ನೀಡಿ: 1) ಅಂದಾಜು ಪಟ್ಟಿ ಮತ್ತು ತಾಂತ್ರಿಕ ಮಂಜೂರಾತಿ, 2) ಕಾಮಗಾರಿ ಆದೇಶ, 3) ಅಳತೆ ಪುಸ್ತಕದ ಸಂಬಂಧಿತ ಪುಟಗಳು, 4) ಬಿಲ್ ಮತ್ತು ಪಾವತಿ ವೋಚರ್, 5) ಗುಣಮಟ್ಟ ಪರೀಕ್ಷಾ ವರದಿ, 6) ಕಾಮಗಾರಿಗೆ ಮುನ್ನ, ನಡುವೆ, ನಂತರ ತೆಗೆದ ಫೋಟೊಗಳು.’

‘ರಸ್ತೆ ಏಕೆ ಕಳಪೆಯಾಯಿತು’, ‘ಇದಕ್ಕೆ ಯಾರು ಹೊಣೆ’ ಎಂಬಂಥ ಪ್ರಶ್ನೆ ಹಾಕಬೇಡಿ. ಕಚೇರಿಯಲ್ಲಿ ದಾಖಲೆಯ ರೂಪದಲ್ಲಿ ಇರುವುದನ್ನಷ್ಟೇ ಅವರು ಕೊಡಬೇಕು. ಅಭಿಪ್ರಾಯ ಕೇಳಿದರೆ ಆ ಒಂದು ಸಾಲಿನ ನೆಪದಲ್ಲಿ ಇಡೀ ಅರ್ಜಿ ಪಕ್ಕಕ್ಕೆ ಸರಿಯುತ್ತದೆ. ಹಾಗೆಯೇ ಯಾರದೇ ಬ್ಯಾಂಕ್ ಖಾತೆ, ಆಧಾರ್ ವಿವರ ಕೇಳಲು ಹೋಗಬೇಡಿ. ವೈಯಕ್ತಿಕ ಮಾಹಿತಿಯ ವಿನಾಯಿತಿ ನೀಡುವ ಕಲಂ 8(1)(ಜೆ)ಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮತ್ತಷ್ಟು ಬಿಗಿ ಮಾಡಿದೆ. ಸಾರ್ವಜನಿಕ ಹಣದ ಬಿಲ್ಲಿಗೂ ಅದೇ ಕಾರಣ ಒಡ್ಡಿದರೆ, ಸಾರ್ವಜನಿಕ ಹಿತ ಹೆಚ್ಚಿದ್ದಾಗ ಮಾಹಿತಿ ಕೊಡಬಹುದೆನ್ನುವ ಕಲಂ 8(2)ನ್ನು ಮೇಲ್ಮನವಿಯಲ್ಲಿ ಎತ್ತಿ ಹೇಳಿ.

ಅರ್ಜಿಯನ್ನು ಕೈಯಾರೆ ಕೊಟ್ಟರೆ ಮೊಹರು, ದಿನಾಂಕವಿರುವ ಸ್ವೀಕೃತಿ ಪಡೆಯಿರಿ. ಕೊಡಲು ಹಿಂದೇಟು ಹಾಕಿದರೆ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ವಿವರವನ್ನು ಮುದ್ರಿಸಿಟ್ಟುಕೊಳ್ಳಿ. ಮಾಹಿತಿ ಕೊಡಲು ಅವರಿಗಿರುವ ಗಡುವು 30 ದಿನ, ಅದರ ಲೆಕ್ಕ ಅರ್ಜಿ ತಲುಪಿದ ದಿನದಿಂದ. ನಡುವೆ ಪ್ರತಿಯ ಶುಲ್ಕ ಕಟ್ಟಿ ಎಂದು ಪತ್ರ ಬಂದರೆ (ಎ4 ಪುಟಕ್ಕೆ 2 ರೂಪಾಯಿ) ತಡಮಾಡದೆ ಕಟ್ಟಿ, ಏಕೆಂದರೆ ಪತ್ರ ಹೊರಟ ದಿನದಿಂದ ನೀವು ಕಟ್ಟುವವರೆಗಿನ ದಿನಗಳು 30ರಲ್ಲಿ ಸೇರುವುದಿಲ್ಲ. ಗಡುವು ಮೀರಿದ ಮೇಲೆ ಹಣ ಕೇಳಿದರೆ ಕೊಡಬೇಕಿಲ್ಲ. ಕಲಂ 7(6)ರಂತೆ ಮಾಹಿತಿ ಉಚಿತ.

ಉತ್ತರ ಬರದಿದ್ದರೆ, ಅರೆಬರೆ ಬಂದರೆ, ಅಲ್ಲಿಂದ 30 ದಿನಗಳೊಳಗೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಕಲಂ 19(1)ರ ಮೇಲ್ಮನವಿ. ಅವರು 30, ಹೆಚ್ಚೆಂದರೆ 45 ದಿನಗಳಲ್ಲಿ ತೀರ್ಮಾನಿಸಬೇಕು. ಅದೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಅಲ್ಲಿ ಸರದಿ ಬರುವುದು ತಡ, ಆದರೂ ಬಿಡಬಾರದು: ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಇರುವುದು ಆಯೋಗಕ್ಕೆ ಮಾತ್ರ. ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಬಂದರೆ ಅದನ್ನೇ ಸಾಕ್ಷಿಯಾಗಿಟ್ಟು, ಕಡತ ಹುಡುಕಿಸಿ ಕೊಡಿಸುವಂತೆಯೂ ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಕಾಯ್ದೆ, 2010ರಡಿ ಹೊಣೆ ನಿಗದಿ ಮಾಡುವಂತೆಯೂ ಕೇಳಿ.

ಎಂ.ಬಿ. ಸಿಕ್ಕಿತು ಎನ್ನಿ. ಮೊದಲು ದಿನಾಂಕಗಳನ್ನು ಸಾಲಾಗಿ ಬರೆದುಕೊಳ್ಳಿ: ಕಾಮಗಾರಿ ಆದೇಶ, ಅಳತೆ, ಬಿಲ್, ಪಾವತಿ. ಆದೇಶಕ್ಕೆ ಮುಂಚೆಯೇ ಅಳತೆಯಾಗಿದ್ದರೆ, ಅಥವಾ ಅಳತೆಗೆ ಮುಂಚೆ ಪಾವತಿಯಾಗಿದ್ದರೆ ಅಲ್ಲೇ ಹಿಡಿಯಿರಿ. ತಿದ್ದಿದ ಅಂಕಿಯ ಪಕ್ಕದಲ್ಲಿ ಸಹಿ ಇಲ್ಲದಿರುವುದು, ಎರಡು ಕಾಮಗಾರಿಗೆ ಒಂದೇ ಫೋಟೊ ಲಗತ್ತಿಸಿರುವುದು ಕೂಡ ಗುರುತು ಹಾಕಬೇಕಾದವು.

ಆಮೇಲೆ ಟೇಪು ಹಿಡಿದು ರಸ್ತೆಗೆ ಹೋಗಿ. ಎಂ.ಬಿ.ಯಲ್ಲಿ ಉದ್ದ 100 ಮೀಟರ್, ಅಗಲ 3 ಮೀಟರ್, ದಪ್ಪ 0.15 ಮೀಟರ್ ಎಂದಿದ್ದರೆ ಕಾಂಕ್ರೀಟ್ 45 ಘನ ಮೀಟರ್. ಸ್ಥಳದಲ್ಲಿ ಉದ್ದ 92, ಅಗಲ 2.75, ದಪ್ಪ 0.10 ಸಿಕ್ಕರೆ ಇರುವುದು 25.3 ಘನ ಮೀಟರ್. ಉದ್ದ, ಅಗಲದಲ್ಲಿ ಕದಿಯುವುದು ಕಣ್ಣಿಗೆ ಬೀಳುತ್ತದೆ, ಹಾಗಾಗಿ ನಷ್ಟ ಹೆಚ್ಚಾಗಿ ಅಡಗಿರುವುದು ದಪ್ಪದಲ್ಲಿ. ರಸ್ತೆಯ ಅಂಚಿನಲ್ಲಿ ಮಾತ್ರ ಅಳೆದು ನಿರ್ಧರಿಸಬೇಡಿ. ಅಂಚು ದಪ್ಪವಿದ್ದು ನಡು ತೆಳ್ಳಗಿರಬಹುದು, ತದ್ವಿರುದ್ಧವೂ ಆಗಬಹುದು. ನಳದ ಪೈಪಿಗಾಗಿ ರಸ್ತೆ ಕೊರೆದ ಜಾಗವಿದ್ದರೆ ಅಲ್ಲಿ ಅಳೆಯಿರಿ. ಇಲ್ಲದಿದ್ದರೆ ಕೋರ್ ಪರೀಕ್ಷೆಗೆ, ಅಂದರೆ ರಸ್ತೆಯಿಂದ ಕಾಂಕ್ರೀಟಿನ ತುಂಡು ಕೊರೆದು ತೆಗೆದು ನೋಡುವ ಪರೀಕ್ಷೆಗೆ, ಲಿಖಿತವಾಗಿ ಒತ್ತಾಯಿಸಿ. ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ) ಕೊಟ್ಟಿದೆ. ಇದನ್ನು ಬಳಸುವವರು ಕಡಿಮೆ.

ಅಳೆಯುವಾಗ ಒಬ್ಬರೇ ಹೋಗಬೇಡಿ. ಅರ್ಜಿ ಹಾಕಿದವರಿಗೆ ಬೆದರಿಕೆ ಬರುವುದು ನಿಜ. ಒಂದೇ ಬೀದಿಯ ನಾಲ್ಕೈದು ಮಂದಿ ಬೇರೆಬೇರೆ ಅರ್ಜಿ ಹಾಕಿದ್ದರೆ ಒತ್ತಡ ಒಬ್ಬರ ಮೇಲೆ ಬೀಳುವುದಿಲ್ಲ. ಗಾರೆ ಕೆಲಸ ಗೊತ್ತಿರುವ ಒಬ್ಬರನ್ನು ಕರೆದುಕೊಳ್ಳಿ, ಟೇಪಿನ ಅಂಕಿ ಕಾಣುವಂತೆ ಫೋಟೊ ತೆಗೆಯಿರಿ, ಇದ್ದವರೆಲ್ಲರ ಸಹಿ ಹಾಕಿಸಿ.

ವ್ಯತ್ಯಾಸ ಕಂಡುಬಂದರೆ ಗ್ರಾಮಸಭೆಯಲ್ಲಿ ಎಂ.ಬಿ. ಪ್ರತಿ ಮತ್ತು ನಿಮ್ಮ ಅಳತೆ ಎರಡನ್ನೂ ಓದಿ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಸಭೆ ಮುಗಿಯುವ ಮುನ್ನ ಆ ಸಾಲುಗಳನ್ನು ಓದಿಸಿ ಕೇಳಿ. ಆಮೇಲೆ ಬರೆಯುತ್ತೇವೆ ಎಂದರೆ ಒಪ್ಪಬೇಡಿ. ನಡಾವಳಿಯ ಪ್ರತಿಯೊಂದಿಗೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಮರು ಅಳತೆ ಮತ್ತು ವಸೂಲಾತಿ ಕೋರಿ ದೂರು ಕೊಡಿ. ಅಲ್ಲೂ ಕದಲದಿದ್ದರೆ ಲೋಕಾಯುಕ್ತಕ್ಕೆ ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದೊಂದಿಗೆ ದೂರು ಸಲ್ಲಿಸಬಹುದು. ದೂರಿನಲ್ಲಿ ‘ಭಾರಿ ಅವ್ಯವಹಾರ’ ಎಂಬ ಮಾತಿನ ಬದಲು ಎಂ.ಬಿ. ಸಂಖ್ಯೆ, ಪುಟ ಸಂಖ್ಯೆ, ಬರೆದ ಅಳತೆ, ಸಿಕ್ಕ ಅಳತೆ, ಪಾವತಿಯಾದ ಮೊತ್ತ, ಇಷ್ಟನ್ನು ಒಂದು ಪುಟದಲ್ಲಿ ಕೋಷ್ಟಕ ಮಾಡಿ ಮೊದಲಿಗೇ ಇಡಿ.