ಮೊದಲು ಆಸ್ಪತ್ರೆ, ಆಮೇಲೆ ಕೌನ್ಸೆಲರ್: ಕುಡಿತ ಬಿಡುವವರಿಗೆ ಸರಿಯಾದವರನ್ನು ಹುಡುಕುವ ಬಗೆ

‘ಕುಡಿತ ಬಿಡಿಸೋಕೆ ಒಳ್ಳೇ ಕೌನ್ಸೆಲರ್ ಇದ್ರೆ ಹೇಳಿ’ ಎಂದು ಕೇಳಿಕೊಂಡು ಬರುವ ಮನೆಯವರಿಗೆ ನಾನು ತಕ್ಷಣ ಹೆಸರು ಕೊಡುವುದಿಲ್ಲ. ಮೊದಲು ಮೂರು ವಿಷಯ ಕೇಳಿಕೊಳ್ಳುತ್ತೇನೆ. ಕೊನೆಯ ಸಲ ಕುಡಿದು ಎಷ್ಟು ಹೊತ್ತಾಯಿತು? ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆಯೇ? ಹಿಂದೆ ನಿಲ್ಲಿಸಿದಾಗ ಫಿಟ್ಸ್ ಬಂದಿತ್ತೇ, ಅಥವಾ ಇಲ್ಲದವರು ಕಂಡಂತೆ ಮಾತಾಡಿದ್ದರೇ? ಎರಡನೆಯ ಅಥವಾ ಮೂರನೆಯ ಪ್ರಶ್ನೆಗೆ ಹೌದೆಂದರೂ ಸಾಕು, ಅವರನ್ನು ಅವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕೌನ್ಸೆಲರ್ ಹುಡುಕಾಟವನ್ನು ಒಂದು ವಾರ ಮುಂದೆ ಹಾಕಬಹುದು.

ವರ್ಷಗಟ್ಟಲೆ ದಿನವೂ ಕುಡಿದವರು ದಿಢೀರನೆ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯಲ್ಲೇ ಬರುತ್ತದೆ. ಹೊತ್ತುಗೊತ್ತು ತಿಳಿಯದೆ, ಗೋಡೆಯ ಮೇಲೆ ಹುಳ ಹರಿದಂತೆ ಕಾಣುವ ಸನ್ನಿ ಸಾಮಾನ್ಯವಾಗಿ ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಏರುತ್ತದೆ, ಚಿಕಿತ್ಸೆ ಸಿಗದಿದ್ದರೆ ಪ್ರಾಣವನ್ನೂ ತೆಗೆಯಬಲ್ಲದು. ಹಾಗಾಗಿ ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸುವ ಸಾಹಸ ಬೇಡ. ಆಸ್ಪತ್ರೆಯಲ್ಲಿ ಲೊರಾಜೆಪಾಮ್ ಅಥವಾ ಕ್ಲೋರ್‌ಡಯಜೆಪಾಕ್ಸೈಡ್‌ನಂಥ ಔಷಧಿಯನ್ನು ದಿನದಿನಕ್ಕೆ ಇಳಿಸುತ್ತಾ ಸುಮಾರು ಒಂದು ವಾರದಲ್ಲಿ ಇದನ್ನು ದಾಟಿಸುತ್ತಾರೆ, ಜೊತೆಗೆ ಥಯಮಿನ್ ಎಂಬ ಬಿ1 ವಿಟಮಿನ್ ಕೊಡುತ್ತಾರೆ. ‘ಸುಸ್ತು’ ಎಂದಷ್ಟೇ ಹೇಳಿ ಊರಿನ ಕ್ಲಿನಿಕ್‌ನಲ್ಲಿ ಡ್ರಿಪ್ಸ್ ಹಾಕಿಸಿಕೊಂಡು ಬರುವುದು ತುಂಬ ಕಡೆ ನಡೆಯುತ್ತದೆ. ಕುಡಿತದ ವಿಷಯ ಮುಚ್ಚಿಟ್ಟರೆ ಥಯಮಿನ್ ಇಲ್ಲದೆ ಬರೀ ಗ್ಲೂಕೋಸ್ ಏರುತ್ತದೆ. ಥಯಮಿನ್ ಖಾಲಿಯಾದ ಮೈಗೆ ಅದರಿಂದ ಮೆದುಳಿನ ಹಾನಿಯೇ ಆಗಬಹುದು.

ಈ ಹಂತಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಮೆಡಿಕಲ್ ಕಾಲೇಜುಗಳ ಮನೋವೈದ್ಯಕೀಯ ವಿಭಾಗ, ಜಿಲ್ಲಾಸ್ಪತ್ರೆ ಇವೆ. ದೂರದ ತಾಲ್ಲೂಕಿನವರಿಗೆ ಮನೋಚೈತನ್ಯ ಕಾರ್ಯಕ್ರಮ ಅನುಕೂಲ. ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಅದು, ಹೊರಡುವ ಮುಂಚೆ ಒಂದು ಮಾತು ಕೇಳಿಕೊಂಡು ಹೋಗಿ. ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಕ್ಕೆಂದೇ ಕೇಂದ್ರ ಸರ್ಕಾರದ 14446 ಸಹಾಯವಾಣಿ ಇದೆ.

ಇನ್ನು ಕೌನ್ಸೆಲರ್ ವಿಷಯ. ಬೋರ್ಡಿನ ಮೇಲೆ ಏನು ಬರೆದಿದೆ ಎನ್ನುವುದಕ್ಕಿಂತ ಹಿಂದಿರುವ ಓದು ಏನು ಎಂದು ನೋಡಬೇಕು. ಮನೋವೈದ್ಯರು ಎಂಬಿಬಿಎಸ್ ಆದ ಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಎಂಬ ಡಿಪ್ಲೊಮಾ ಮಾಡಿದವರು, ಔಷಧಿ ಬರೆಯುವವರು ಅವರೇ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳಲು ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐ ನೋಂದಣಿ ಬೇಕು. ಸಂಖ್ಯೆ ಕೇಳಿ, ಸರಿಯಾದವರು ಬೇಸರ ಮಾಡಿಕೊಳ್ಳುವುದಿಲ್ಲ. ಎಂಎಸ್‌ಡಬ್ಲ್ಯೂ ಅಥವಾ ಎಂ.ಫಿಲ್. ಮಾಡಿದ ಮನೋವೈದ್ಯಕೀಯ ಸಮಾಜಕಾರ್ಯಕರ್ತರು ವ್ಯಸನದಲ್ಲಿ ತುಂಬ ಕೆಲಸ ಮಾಡುತ್ತಾರೆ, ಮನೆಯವರನ್ನು ಜೊತೆಗೂಡಿಸುವುದರಲ್ಲಿ ಅವರದು ಪಳಗಿದ ಕೈ. ಬರೀ ‘ಕೌನ್ಸೆಲರ್’ ಎಂಬ ಪದವನ್ನು ಮಾತ್ರ ಯಾರು ಬೇಕಾದರೂ ಹಾಕಿಕೊಳ್ಳಬಹುದು, ಕೆಲವೇ ದಿನದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿದವರೂ ಹಾಕಿಕೊಳ್ಳುತ್ತಾರೆ. ಹಾಗೆಂದು ಡಿಗ್ರಿಯೊಂದೇ ಸಾಲದು. ಮದುವೆ ಮುರಿದವರಿಗೆ, ಪರೀಕ್ಷೆಯ ಭಯದ ಮಕ್ಕಳಿಗೆ ಚೆನ್ನಾಗಿ ನೆರವಾಗುವವರು ವ್ಯಸನದಲ್ಲಿ ತಡವರಿಸಬಹುದು.

ಆದ್ದರಿಂದ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗ ಫೋನ್‌ನಲ್ಲೇ ನಾಲ್ಕು ಮಾತು ಕೇಳಿಬಿಡಿ. ವಾರಕ್ಕೆ ಎಷ್ಟು ಜನ ವ್ಯಸನದವರನ್ನು ನೋಡುತ್ತೀರಿ? ಔಷಧಿಗೆ ಯಾವ ಮನೋವೈದ್ಯರ ಜೊತೆ ಸೇರಿ ಕೆಲಸ ಮಾಡುತ್ತೀರಿ? ನಡುವೆ ಮತ್ತೆ ಕುಡಿದರೆ ಏನು ಮಾಡುತ್ತೀರಿ? ಒಂದು ಸಿಟ್ಟಿಂಗ್‌ಗೆ ಎಷ್ಟು ಹೊತ್ತು, ಎಷ್ಟು ದುಡ್ಡು? ಮೂರನೆಯದಕ್ಕೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. ‘ಕುಡಿದರೆ ನನ್ನ ಹತ್ತಿರ ಬರಬೇಡಿ’ ಎಂದರೆ ಅಲ್ಲಿಗೆ ಬಿಡಿ. ‘ಕುಡಿದ ದಿನ ಕೂತು ಮಾತಾಡೋದು ಕಷ್ಟ, ಮರುದಿನ ತಪ್ಪದೆ ಬರಲಿ’ ಎನ್ನುವವರಿಗೆ ಈ ಕೆಲಸ ಗೊತ್ತಿದೆ. ‘ಎರಡೇ ಸಿಟ್ಟಿಂಗ್‌ನಲ್ಲಿ ಗ್ಯಾರಂಟಿ’ ಎನ್ನುವವರ ಹತ್ತಿರ ಸುಳಿಯಲೇಬೇಡಿ.

ಮೊದಲ ಭೇಟಿಯಲ್ಲಿ ಲೆಕ್ಕ ನಡೆಯಬೇಕು. ‘ಜಾಸ್ತಿ ಕುಡೀತೀರಾ?’ ಎಂಬ ಪ್ರಶ್ನೆಗೆ ಎಲ್ಲರೂ ‘ಸ್ವಲ್ಪ’ ಎಂದೇ ಹೇಳುತ್ತಾರೆ. ಬಲ್ಲವರು ‘ನೈಂಟಿಯಾ, ಕ್ವಾರ್ಟರಾ? ದಿನಕ್ಕೆ ಎಷ್ಟು ಪ್ಯಾಕೆಟ್? ಮೊದಲನೇದು ಎಷ್ಟು ಗಂಟೆಗೆ?’ ಎಂದು ಕೇಳುತ್ತಾರೆ. 30 ಮಿಲಿ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೊಹಾಲ್ ಇರುತ್ತದೆ, ಅದೇ ಒಂದು ಯೂನಿಟ್. 90 ಮಿಲಿ ಪ್ಯಾಕೆಟ್ ಎಂದರೆ 3 ಯೂನಿಟ್, 180ರ ಕ್ವಾರ್ಟರ್ ಎಂದರೆ 6. ‘ನಾನು ಬರೀ ಬಿಯರ್ ಕುಡಿಯೋದು’ ಎನ್ನುವವರ ಶೇ 8ರ ಸ್ಟ್ರಾಂಗ್ ಬಿಯರ್ 650 ಮಿಲಿ ಬಾಟಲಿಯಲ್ಲಿ 4 ಯೂನಿಟ್ ಇರುತ್ತದೆ. ದಿನಕ್ಕೆ ಎರಡು ಬಾಟಲಿ ಎಂದರೆ ಒಂದು ಕ್ವಾರ್ಟರಿಗಿಂತ ಹೆಚ್ಚೇ ಆಯಿತು. ಈ ಲೆಕ್ಕ ಕಾಗದದ ಮೇಲೆ ಬಂದಾಗ ಕುಡಿಯುವವರೇ ಒಂದು ಗಳಿಗೆ ಸುಮ್ಮನಾಗುತ್ತಾರೆ. ಬೈಯದೆ ಮಾಡಬೇಕಾದ ಕೆಲಸ ಅದು. ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನೂ ತುಂಬಿಸಬಹುದು. 40 ಅಂಕದಲ್ಲಿ 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಮಟ್ಟಕ್ಕೆ ಬಂದಿದೆ, 20 ಅಥವಾ ಹೆಚ್ಚು ಬಂದರೆ ಅವಲಂಬನೆ ಇರುವ ಸಂಭವವಿದೆ ಎಂದು ಲೆಕ್ಕ. ನಿದ್ದೆ, ಖಿನ್ನತೆ, ಸಾಯಬೇಕೆನ್ನುವ ಯೋಚನೆ, ತಂಬಾಕು, ಸಾಲ ಇವನ್ನೂ ಅದೇ ದಿನ ಕೇಳಬೇಕು.

ಮೊದಲ ಭೇಟಿ ಕೆಡುವ ದಾರಿ ಹೆಚ್ಚಾಗಿ ಒಂದೇ: ಉಪದೇಶ. ಹೆಂಡತಿ ಮಕ್ಕಳ ಮುಖ ನೋಡಿ ಬಿಡಿ ಎಂಬ ಭಾಷಣ, ಆಮೇಲೆ ಮಗುವಿನ ತಲೆ ಮೇಲೆ ಕೈಯಿಟ್ಟು ಆಣೆ. ಆಣೆ ಮುರಿದ ದಿನ ಆ ಮನುಷ್ಯನಿಗೆ ಹುಟ್ಟುವ ನಾಚಿಕೆ ಇನ್ನಷ್ಟು ಕುಡಿಸುತ್ತದೆ, ಮತ್ತೆ ಚಿಕಿತ್ಸೆಯ ಕಡೆ ತಲೆಹಾಕದಂತೆ ಮಾಡುತ್ತದೆ. ಕುಡಿತದಿಂದ ಸಿಗುತ್ತಿರುವುದೇನು, ಹೋಗುತ್ತಿರುವುದೇನು ಎಂದು ಅವರ ಬಾಯಿಂದಲೇ ಬರಿಸುವುದು ನಿಧಾನದ ಕೆಲಸ. ಬಿಡಬೇಕೋ ಬೇಡವೋ ಎಂಬ ಹೊಯ್ದಾಟದಲ್ಲಿ ಇರುವವರಿಗೆ ಬೇಕಾದದ್ದು ಅದೇ.

ಮೂರು ಭೇಟಿ ನೋಡಿ. ಅಷ್ಟರಲ್ಲಿ ಒಂದು ಸ್ಪಷ್ಟ ಯೋಜನೆ ಕೈಗೆ ಬರಬೇಕು, ಅದೂ ಅವರ ಬದುಕಿಗೆ ಹೊಂದುವಂಥದ್ದು. ಗಾರೆ ಕೆಲಸದವರಿಗೆ ಶನಿವಾರ ಬಟವಾಡೆ ಎಂದುಕೊಳ್ಳಿ. ಕೈಗೆ ದುಡ್ಡು, ಮೈತುಂಬ ನೋವು, ಹೊಟ್ಟೆ ಖಾಲಿ, ಜೊತೆಗಾರರು, ದಾರಿಯಲ್ಲೇ ಅಂಗಡಿ. ಐದು ಕಾರಣ ಒಂದೇ ಗಂಟೆಯಲ್ಲಿ ಸೇರುತ್ತವೆ. ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಎನ್ನುವುದು ಇಲ್ಲಿ ಕೆಲಸಕ್ಕೆ ಬಾರದ ಸಲಹೆ. ಬಟವಾಡೆ ಹೆಂಡತಿಯ ಖಾತೆಗೆ ಹಾಕಿಸುವುದು, ಸಂಜೆ ಐದಕ್ಕೇ ಹೊಟ್ಟೆತುಂಬ ತಿನ್ನುವುದು, ಮನೆಗೆ ಇನ್ನೊಂದು ದಾರಿ ಹಿಡಿಯುವುದು, ‘ಒಂದೇ ಒಂದು ಹಾಕು’ ಎನ್ನುವ ಗೆಳೆಯನಿಗೆ ಹೇಳಬೇಕಾದ ಮಾತನ್ನು ಕೌನ್ಸೆಲರ್ ಎದುರೇ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುವುದು, ಇವು ಯೋಜನೆ. ಕುಡಿಯಬೇಕೆನ್ನುವ ತುಡಿತ ಅಲೆಯಂತೆ ಏರಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆ ಎಲ್ಲಿ, ಯಾರ ಜೊತೆ ಕಳೆಯುವುದು ಎಂದು ಮೊದಲೇ ಗೊತ್ತಿರಬೇಕು.

ಮನೆಯವರಿಗೆ ಬೇರೆಯಾಗಿ ಸಮಯ ಕೊಡುವ ಕೌನ್ಸೆಲರ್ ಆದರೆ ಒಳ್ಳೆಯದು. ಆದರೆ ಒಳಗೆ ಆಡಿದ ಮಾತೆಲ್ಲ ಸಂಜೆಯೊಳಗೆ ಹೆಂಡತಿಗೋ ಅಣ್ಣನಿಗೋ ತಲುಪಿದರೆ ನಂಬಿಕೆ ಅಲ್ಲಿಗೇ ಮುಗಿಯಿತು. ಗೋಪ್ಯತೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿರುವ ಹಕ್ಕು. ಯಾವುದನ್ನು ಮನೆಯವರಿಗೆ ಹೇಳಬಹುದು, ಯಾವುದನ್ನು ಹೇಳಬಾರದು ಎಂದು ಮೊದಲ ದಿನವೇ ಮೂವರೂ ಕೂತು ಒಪ್ಪಿಕೊಳ್ಳಬೇಕು. ಕುಡಿಯುವ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಗಂಡಸರೇ ತುಂಬಿದ ಗುಂಪಿಗೆ ಅವರನ್ನು ಕಳಿಸಬೇಡಿ, ಮಹಿಳಾ ಕೌನ್ಸೆಲರ್ ಬೇಕೇ ಎಂದು ಅವರನ್ನೇ ಕೇಳಿ.

ಒಂದು ಮಾತು ಒತ್ತಿ ಹೇಳಬೇಕಿದೆ. ‘ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ’ ಎಂದು ಪುಡಿ ಕೊಡುವವರು ಎಷ್ಟೇ ಹೆಸರುವಾಸಿಯಾದರೂ ಅಲ್ಲಿಂದ ಎದ್ದು ಬನ್ನಿ. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದರೆ, ಅದರ ಮೇಲೆ ಕುಡಿದಾಗ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಡೈಸಲ್ಫಿರಾಮ್ ಒಳ್ಳೆಯ ಔಷಧಿಯೇ, ಆದರೆ ತೆಗೆದುಕೊಳ್ಳುವವರು ತಿಳಿದು ಒಪ್ಪಿರಬೇಕು, ಕೊನೆಯ ಗುಟುಕಿನ ಮೇಲೆ ಕನಿಷ್ಠ 12 ಗಂಟೆ ಕಳೆದಿರಬೇಕು, ಲಿವರ್ ಮತ್ತು ಹೃದಯದ ತಪಾಸಣೆ ಆಗಿರಬೇಕು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಕುಡಿಯುವಂತಿಲ್ಲ. ತುಡಿತ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಬೇರೆ ಬಗೆಯ ಔಷಧಿಗಳು, ಅವನ್ನು ಮನೋವೈದ್ಯರ ಹತ್ತಿರ ಕೇಳಿ. ಔಷಧಿಯ ಮಾತೆತ್ತಿದರೇ ಸಿಡುಕುವ ಕೌನ್ಸೆಲರ್ ಬೇಡ.

ಅಡ್ಮಿಟ್ ಮಾಡಿಕೊಳ್ಳುವ ಖಾಸಗಿ ಕೇಂದ್ರವಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ನೋಡಿ. ಬಲವಂತವಾಗಿ ಗಾಡಿಗೆ ಹತ್ತಿಸಿಕೊಂಡು ಹೋಗುವುದು, ತಿಂಗಳುಗಟ್ಟಲೆ ಫೋನ್ ಕೊಡದಿರುವುದು, ಹೊಡೆಯುವುದು ಚಿಕಿತ್ಸೆಯಲ್ಲ, ಸರಪಳಿ ಹಾಕುವುದನ್ನಂತೂ ಕಾಯ್ದೆಯೇ ನಿಷೇಧಿಸಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಎಂಟು ದಿನದ ಮದ್ಯವರ್ಜನ ಶಿಬಿರಗಳಲ್ಲಿ ಬಿಟ್ಟವರು ಅನೇಕರಿದ್ದಾರೆ. ಅದರ ಆಮೇಲಿನ, ಕುಡಿತ ಬಿಟ್ಟವರ ನವಜೀವನ ಸಮಿತಿಯ ಸಭೆಗಳನ್ನು ತಪ್ಪಿಸಬಾರದು. ಫಿಟ್ಸ್ ಬಂದ ಇತಿಹಾಸ ಇದ್ದವರು ಶಿಬಿರಕ್ಕೆ ಮುಂಚೆ ಡಾಕ್ಟರಿಗೆ ತೋರಿಸಲಿ. ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಕೂಟಗಳಿಗೆ ಶುಲ್ಕವಿಲ್ಲ, ಮನೆಯವರಿಗೆ ಅಲ್-ಅನಾನ್ ಇದೆ. ಇವೆಲ್ಲ ಕೌನ್ಸೆಲಿಂಗ್ ಜೊತೆಗೇ ನಡೆಯಬಹುದು.

ಭೇಟಿಗಳು ಮೊದಲ ಎರಡು ಮೂರು ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ವರ್ಷ ತುಂಬುವವರೆಗೆ ತಿಂಗಳಿಗೊಮ್ಮೆಯಾದರೂ ಇರಲಿ. ಮೊದಲ ಕೆಲವು ವಾರ ನಿದ್ದೆ, ನೆನಪು ಎರಡೂ ಅಸ್ತವ್ಯಸ್ತ, ಹೇಳಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಆಗ 20-30 ನಿಮಿಷದ ಭೇಟಿ ಸಾಕು, ಮುಖ್ಯ ಮಾತನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿ ಕಳಿಸುವವರು ಅನುಭವಿಗಳು. ನಡುವೆ ಒಮ್ಮೆ ಕುಡಿದರೆ ಎಂಟು ವಾರದ ಕೆಲಸ ಮಣ್ಣುಪಾಲಾಗಲಿಲ್ಲ. ಅವತ್ತು ಯಾವ ಹೊತ್ತಿಗೆ, ಎಲ್ಲಿ, ಯಾವ ಮಾತಿನ ಮೇಲೆ ಶುರುವಾಯಿತು ಎಂದು ಬಿಡಿಸಿ ನೋಡಿ ಯೋಜನೆಯ ಆ ಭಾಗವನ್ನು ತಿದ್ದಬೇಕು.

ಮೂರು ನಾಲ್ಕು ಭೇಟಿಯಾದರೂ ಮನಸ್ಸು ಬಿಚ್ಚಲು ಆಗುತ್ತಿಲ್ಲ, ಭಾಷೆಯೇ ಕೂಡುತ್ತಿಲ್ಲ ಎಂದರೆ ಬದಲಾಯಿಸಿ, ಅದರಲ್ಲಿ ಯಾರಿಗೂ ಅವಮಾನವಿಲ್ಲ. ಆದರೆ ಸುಮ್ಮನೆ ಹೋಗುವುದನ್ನು ನಿಲ್ಲಿಸಬೇಡಿ. ಹಳಬರಿಂದ ಒಂದು ಪುಟದ ಟಿಪ್ಪಣಿ ಬರೆಸಿಕೊಳ್ಳಿ: ಕುಡಿತ ನಿಲ್ಲಿಸಿದ ತಾರೀಖು, ಫಿಟ್ಸ್ ಅಥವಾ ಸನ್ನಿ ಬಂದಿದ್ದರೆ ಅದು, ಈಗಿನ ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಕೊನೆಯ ಲಿವರ್ ಟೆಸ್ಟ್, ಇಲ್ಲಿಯವರೆಗೆ ಗುರುತಿಸಿದ ಅಪಾಯದ ಹೊತ್ತುಗಳು. ಹೊಸಬರ ತಾರೀಖು ಸಿಕ್ಕ ಮೇಲೆಯೇ ಹಳೆಯ ಕಡೆಯ ಕೊನೆಯ ಭೇಟಿ ಮುಗಿಸಿ, ನಡುವೆ ಒಂದು ವಾರಕ್ಕಿಂತ ಹೆಚ್ಚು ತೆರಪು ಬೀಳದಿರಲಿ.