ಮಂಡಕಳ್ಳಿಯಿಂದ ವಿಮಾನ ಹತ್ತೋದಾದ್ರೆ

ಹೈದರಾಬಾದಿಗೋ ಚೆನ್ನೈಗೋ ಹೋಗಬೇಕು ಅಂದಾಗ ಸುಮ್ನೆ ಬೆಂಗಳೂರಿನ ಟಿಕೆಟ್ ಹುಡುಕಬೇಡಿ. ಮೊದಲು 'ಎಂವೈಕ್ಯೂ' ಅಂತ ಹಾಕಿ ನೋಡಿ, ಅದು ಮಂಡಕಳ್ಳಿಯಲ್ಲಿರೋ ನಮ್ಮ ಮೈಸೂರು ವಿಮಾನ ನಿಲ್ದಾಣದ ಕೋಡ್. ಇಲ್ಲಿ ವಿಮಾನಗಳು ಕಡಿಮೆ, ಸಮಯವೂ ಆಗಾಗ ಬದಲಾಗುತ್ತೆ, ಹಾಗಾಗಿ ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ.

ದರ ಹೋಲಿಸುವಾಗ ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣದ ತನಕದ ಫ್ಲೈಬಸ್ಸಿನ ಅಥವಾ ಕಾರಿನ ಖರ್ಚನ್ನೂ, ದಾರಿಯಲ್ಲಿ ಹೋಗುವ ನಾಲ್ಕೈದು ಗಂಟೆಯನ್ನೂ ಸೇರಿಸಿ, ಆಗ ಮೈಸೂರಿನ ಟಿಕೆಟ್ ಸ್ವಲ್ಪ ಜಾಸ್ತಿ ಅನ್ನಿಸಿದರೂ ಲೆಕ್ಕ ಸರಿಹೋಗುತ್ತೆ.

ನಿಲ್ದಾಣ ನಂಜನಗೂಡು ರಸ್ತೆಯಲ್ಲಿದೆ, ಊರಿಂದ ಸುಮಾರು 10 ಕಿ.ಮೀ. ಮಂಡ್ಯ ಕಡೆಯಿಂದ ಬರುವವರು ಊರೊಳಗೆ ನುಗ್ಗದೆ ರಿಂಗ್ ರೋಡ್ ಹಿಡಿಯಿರಿ. ಚೆಕ್-ಇನ್ ಕೌಂಟರ್ ಒಂದು ಗಂಟೆ ಮುಂಚೆಯೇ ಮುಚ್ಚುತ್ತೆ, ನಿಲ್ದಾಣ ಚಿಕ್ಕದು ಅಂತ ತಡ ಮಾಡಬೇಡಿ.

ರನ್‌ವೇ 1,740 ಮೀಟರ್ ಮಾತ್ರ, ಪಕ್ಕದಲ್ಲೇ ಹೆದ್ದಾರಿ, ರೈಲು ಹಳಿ. ಅದಕ್ಕೇ ಇಲ್ಲಿಗೆ ಬರೋದು ದೊಡ್ಡ ಜೆಟ್ ಅಲ್ಲ, ರೆಕ್ಕೆಯಲ್ಲಿ ಫ್ಯಾನ್ ಇರೋ ಎಟಿಆರ್ ಅನ್ನೋ ಸಣ್ಣ ವಿಮಾನ. ಹಿಂದಿನ ಬಾಗಿಲಿಂದ ಹತ್ತಬೇಕು, ತಲೆ ಮೇಲಿನ ಗೂಡು ಸಣ್ಣದು, ಗಟ್ಟಿ ಟ್ರಾಲಿ ಹಿಡಿಸೋದು ಕಷ್ಟ. ಮೆತ್ತಗಿನ ಬ್ಯಾಗ್ ತನ್ನಿ. ರನ್‌ವೇ ಉದ್ದ ಆಗಲೇಬೇಕು, ಮೈಸೂರಿಗೆ ಅದು ತುಂಬಾ ಮುಖ್ಯ.