ಮಳೆಗಾಲದ ಹನ್ನೆರಡು ವಾರದಲ್ಲಿ ಗಾಲ್ಫ್ ಡ್ರೈವರ್ ವೇಗ ಹೆಚ್ಚಿಸಿಕೊಳ್ಳಿ

ಜೂನ್ ಬಂತೆಂದರೆ ಬೆಂಗಳೂರಿನ ಗಾಲ್ಫ್ ಅಂಗಳಗಳು ನೀರು ಕುಡಿದು ಮೆತ್ತಗಾಗುತ್ತವೆ. ಚೆಂಡು ಉರುಳದೆ ಬಿದ್ದಲ್ಲೇ ಕೂರುತ್ತದೆ, ಸಂಜೆಯ ಆಟ ಮಳೆಗೆ ಹೋಗುತ್ತದೆ. ಜಿಮ್‌ನಲ್ಲಿ ಭಾರ ಎತ್ತಿ, ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್, ಅಂದರೆ ಗಾಲ್ಫ್ ಕೋಲು) ಬೀಸುವ ವೇಗ ಹೆಚ್ಚಿಸಿಕೊಳ್ಳಲು ಇದೇ ಸರಿಯಾದ ಕಾಲ. ಟೂರ್ನಿಗಳ ನಡುವೆ ಶುರು ಮಾಡಿದರೆ ಮೈಕೈ ನೋವಿನಲ್ಲಿ ಆಟವೇ ಕೆಡುತ್ತದೆ.

ಮೊದಲು ಅಳತೆ. ಲಾಂಚ್ ಮಾನಿಟರ್ (ಹೊಡೆತದ ವೇಗ ಅಳೆಯುವ ಯಂತ್ರ) ಇರುವ ರೇಂಜ್‌ಗೆ, ಅಂದರೆ ಹೊಡೆತ ಅಭ್ಯಾಸದ ಅಂಗಳಕ್ಕೆ ಹೋಗಿ, ಮೈ ಬೆಚ್ಚಗಾದ ಮೇಲೆ ಡ್ರೈವರ್‌ನಿಂದ ಐದು ಚೆಂಡು ಎಂದಿನಂತೆ, ಐದು ಪೂರ್ತಿ ಜೋರಿನಲ್ಲಿ ಹೊಡೆದು ಕ್ಲಬ್ಬಿನ ವೇಗ, ಚೆಂಡಿನ ವೇಗ ಎರಡನ್ನೂ ಬರೆದಿಡಿ. ದೂರವನ್ನು ನಂಬಬೇಡಿ: ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳು, ಅದೇ ಹೊಡೆತ ಚೆನ್ನೈಗಿಂತ ಇಲ್ಲಿ ಮುಂದೆ ಬೀಳುತ್ತದೆ. ಹವ್ಯಾಸಿ ಪುರುಷರ ಕ್ಲಬ್ ವೇಗ ಸಾಮಾನ್ಯವಾಗಿ ಗಂಟೆಗೆ 90–95 ಮೈಲಿ. ಅಮೆರಿಕದ ವೃತ್ತಿಪರರ ಟೂರ್ನಿ ಸರಣಿಯಾದ ಪಿಜಿಎ ಟೂರ್‌ನ ಸರಾಸರಿ 115ರ ಆಸುಪಾಸು. ಚೆಂಡು ಮಧ್ಯಕ್ಕೆ ತಾಗಿದರೆ ಹೆಚ್ಚಿದ ಪ್ರತಿ ಮೈಲಿಗೆ ಸುಮಾರು ಎರಡೂವರೆ ಗಜ ಸಿಗುತ್ತದೆ.

ನಂತರ ಮೈ ಎಷ್ಟು ತಿರುಗುತ್ತದೆ ನೋಡಿ. ಕುರ್ಚಿಯಲ್ಲಿ ಕುಳಿತು, ಮೊಣಕಾಲು ಜೋಡಿಸಿ, ಎದೆಗೆ ಅಡ್ಡಲಾಗಿ ಕ್ಲಬ್ ಹಿಡಿದು ಎರಡೂ ಬದಿಗೆ ತಿರುಗಿ. 45 ಡಿಗ್ರಿ ಬರಬೇಕು. ಹಾಗೇ ಕುಳಿತು ಪಾದವನ್ನು ಹೊರಕ್ಕೆ ಸರಿಸಿ, ತೊಡೆಸಂದಿ ಎಷ್ಟು ತಿರುಗುತ್ತದೆಂದು ಗೊತ್ತಾಗುತ್ತದೆ. ಬಲಗೈ ಆಟಗಾರರು ಎಡಗಾಲನ್ನು ಮುಖ್ಯವಾಗಿ ಗಮನಿಸಬೇಕು. ಎದೆಯ ಭಾಗವೂ ತೊಡೆಸಂದಿಯೂ ಬಿಗಿಯಾಗಿದ್ದರೆ ತಿರುಗುವ ಹೊರೆಯೆಲ್ಲ ಸೊಂಟದ ಬೆನ್ನುಮೂಳೆಯ ಮೇಲೆ ಬೀಳುತ್ತದೆ. ಅದು ತಿರುಗಲೆಂದು ಇರುವ ಭಾಗವೇ ಅಲ್ಲ. ಈಗಾಗಲೇ ಬೆನ್ನುನೋವೋ ರಕ್ತದೊತ್ತಡವೋ ಇದ್ದವರು ವೈದ್ಯರನ್ನು ಕಂಡೇ ಮುಂದುವರಿಯಲಿ.

1–4ನೇ ವಾರ: ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ. ಡಂಬೆಲ್ ಎದೆಗೆ ಹಿಡಿದು ಬಸ್ಕಿ, ರೊಮೇನಿಯನ್ ಡೆಡ್‌ಲಿಫ್ಟ್ (ಬೆನ್ನು ನೇರವಿಟ್ಟು, ತೊಡೆಸಂದಿಯಲ್ಲಿ ಬಾಗಿ ಭಾರ ಇಳಿಸಿ ಎತ್ತುವುದು), ಪುಷ್‌ಅಪ್, ರೋಯಿಂಗ್ (ಭಾರವನ್ನು ಮೈಯತ್ತ ಎಳೆಯುವುದು): ತಲಾ 8–10ರ ಮೂರು ಸೆಟ್. ಒಂದೇ ಕೈಯಲ್ಲಿ ಭಾರ ಹಿಡಿದು 30 ಮೀಟರ್ ನಡಿಗೆ. ತೊಡೆಸಂದಿ ಮತ್ತು ಎದೆಭಾಗ ಸಡಿಲಿಸುವ ವ್ಯಾಯಾಮ ಮಾತ್ರ ನಿತ್ಯ ಹತ್ತು ನಿಮಿಷ.

5–8ನೇ ವಾರ: ಭಾರ ಹೆಚ್ಚು, ಎಣಿಕೆ ಕಡಿಮೆ. ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು), ಸ್ಕ್ವಾಟ್ (ಭಾರ ಹೊತ್ತು ಬಸ್ಕಿ), ಡಂಬೆಲ್ ಪ್ರೆಸ್ (ಡಂಬೆಲ್ ಒತ್ತಿ ಎತ್ತುವುದು), ರೋಯಿಂಗ್: 4–6ರ ನಾಲ್ಕು ಸೆಟ್, ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ. ಇನ್ನೆರಡು ಎತ್ತಬಲ್ಲೆ ಅನ್ನಿಸುವಾಗಲೇ ಸೆಟ್ ಮುಗಿಸಿ. ಭಂಗಿ ಕೆಡದಿದ್ದರೆ ವಾರಕ್ಕೆ ಎರಡೂವರೆ ಕಿಲೋ ಸೇರಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಜಿಮ್ ಯಂತ್ರದ ಕೇಬಲ್ ಹಿಡಿದು ಗಾಲ್ಫ್ ಸ್ವಿಂಗ್‌ನಂತೆಯೇ ಮೂವತ್ತು ಸಲ ಎಳೆದು, ಬೆವರು ಹರಿದರೆ ಕೆಲಸವಾಯಿತೆಂದುಕೊಳ್ಳುತ್ತಾರೆ. ಅದರಿಂದ ದಮ್ಮು ಬರುತ್ತದೆ, ಬಲವಲ್ಲ.

ಆದರೆ ಬಲವೊಂದೇ ಸಾಲದು. ಕ್ಲಬ್ ಮೇಲಿನಿಂದ ಚೆಂಡಿಗೆ ಇಳಿಯಲು ಹಿಡಿಯುವುದು ಕಾಲು ಸೆಕೆಂಡಿನಷ್ಟು. ಅಷ್ಟರೊಳಗೆ ಹೊರಬರದ ಬಲ ಇದ್ದೂ ಇಲ್ಲದಂತೆ. 9–12ನೇ ವಾರದ ಕೆಲಸ ಅದೇ. ಭಾರ ಎತ್ತುವುದನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿ, ವೇಗಕ್ಕೆ ಬೇರೆ ಎರಡು ದಿನ ಇಡಿ. ವೇಗದ ದಿನಗಳ ನಡುವೆ 48 ಗಂಟೆ ಬಿಡುವಿರಲಿ. ಮೂರು ಕಿಲೋ ಮೆಡಿಸಿನ್ ಬಾಲನ್ನು (ವ್ಯಾಯಾಮದ ಭಾರದ ಚೆಂಡು) ಪಕ್ಕಕ್ಕೆ ತಿರುಗಿ ಗೋಡೆಗೆ ಎಸೆಯುವುದು, ಬದಿಗೆ ಐದರಂತೆ ಮೂರು ಸೆಟ್. ನಿಂತಲ್ಲಿಂದ ಮೇಲಕ್ಕೆ ಜಿಗಿತ ಐದರ ಮೂರು ಸೆಟ್. ಆಮೇಲೆ ಚೆಂಡಿಲ್ಲದೆ ಸ್ವಿಂಗ್: ಡ್ರೈವರ್‌ಗಿಂತ ಶೇ 20 ಹಗುರವಾದ ಕೋಲು, ಡ್ರೈವರ್, ಶೇ 5 ಭಾರದ ಕೋಲು, ತಲಾ ಐದು, ಇಂಥ ಎರಡು ಸುತ್ತು ಸಾಕು. ಪ್ರತಿ ಬೀಸಿನ ನಡುವೆ 20–30 ಸೆಕೆಂಡ್ ನಿಲ್ಲಿ. ಎದುರಿಗೆ ವೇಗ ತೋರಿಸುವ ರೇಡಾರ್ ಇರಲೇಬೇಕು. ಅಂಕಿ ಕಾಣದಿದ್ದರೆ ಯಾರೂ ಪೂರ್ತಿ ಬೀಸುವುದಿಲ್ಲ. ವೇಗ ಇಳಿಯತೊಡಗಿದರೆ ಅಂದಿಗೆ ನಿಲ್ಲಿಸಿ. ದಣಿದು ಬೀಸಿದರೆ ದೇಹ ನಿಧಾನವನ್ನೇ ಕಲಿಯುತ್ತದೆ. ದಿನವೂ ಬೀಸಿದರೆ ಮೊಣಕೈ ಒಳಬದಿಯ ಸ್ನಾಯುರಜ್ಜು, ಪಕ್ಕೆಲುಬು ನೋಯತೊಡಗುತ್ತವೆ.

ಇಂಗ್ಲೆಂಡಿನ ಗಾಲ್ಫರ್ ಮ್ಯಾಟ್ ಫಿಟ್ಜ್‌ಪ್ಯಾಟ್ರಿಕ್ ಇಂಥ ವೇಗದ ತರಬೇತಿಯಿಂದ ದೂರ ಹೆಚ್ಚಿಸಿಕೊಂಡು 2022ರ ಯುಎಸ್ ಓಪನ್ ಗೆದ್ದರು. ಹಾಗೆಂದು ಪಟ್ಟಿಂಗ್ (ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕುವುದು) ಬಿಡುವಂತಿಲ್ಲ: ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದ ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವವರ ಸಾಲಿನವರಲ್ಲ.

ಕೊನೆಯಲ್ಲಿ ಅದೇ ರೇಂಜ್‌ನಲ್ಲಿ ಮತ್ತೆ ಅಳೆಯಿರಿ. ಚೆಂಡಿನ ವೇಗವನ್ನು ಕ್ಲಬ್ ವೇಗದಿಂದ ಭಾಗಿಸಿದಾಗ 1.45ರ ಮೇಲೆ ಬಂದರೆ ಸರಿ. 1.40ಕ್ಕಿಂತ ಕೆಳಗಿದ್ದರೆ ಚೆಂಡು ಕ್ಲಬ್ ಮುಖದ ಅಂಚಿಗೆ ತಾಗುತ್ತಿದೆ. ಚೆಂಡಿನ ಮೇಲೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ಚುಕ್ಕೆಯಿಟ್ಟು ಹೊಡೆದರೆ ಕ್ಲಬ್ ಮುಖದಲ್ಲಿ ಗುರುತು ಎಲ್ಲಿ ಬಿತ್ತೆಂದು ಗೊತ್ತಾಗುತ್ತದೆ. ಅದು ಮಧ್ಯಕ್ಕೆ ಬರುವವರೆಗೆ ಶೇ 80 ಜೋರಿನಲ್ಲಿ ಆಡಿ. ಸೀಸನ್ ಶುರುವಾದ ಮೇಲೆ ವಾರಕ್ಕೊಂದು ಭಾರದ ದಿನ, ಒಂದು ವೇಗದ ದಿನ ಉಳಿಸಿಕೊಂಡರೆ ಸಾಕು.